ನೆಲಕ್ಕೆ ಕಿವಿಗೊಟ್ಟವರು: ಅಣ್ವಸ್ತ್ರದ ಭಯ ಮತ್ತು ವಿಜ್ಞಾನಿಯ ಸಾಕ್ಷಿಧರ್ಮ

ನಮ್ಮ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಸೀಮೆಯ ಹಿರಿಯರ ನೆನಪಿನಿಂದ 1967ರ ಡಿಸೆಂಬರ್ 11ರ ನಸುಕು ಇನ್ನೂ ಮಾಸಿಲ್ಲ. ಗಂಟೆ ನಾಲ್ಕು ದಾಟಿತ್ತು. ನೆಲ ನಡುಗಿತು, ಜನ ಮಲಗಿದ್ದ ಮಕ್ಕಳನ್ನು ಎತ್ತಿಕೊಂಡು ಬೀದಿಗೆ ಬಂದರು. ಕೊಯನಾನಗರದ ಮನೆಗಳು ಉರುಳಿದ್ದವು, ಸುಮಾರು 180 ಜನ ಮಡಿದಿದ್ದರು ಎಂಬುದು ಆಮೇಲೆ ತಿಳಿಯಿತು. ಆ ಕಂಪನಕ್ಕೆ ಕೊಯನಾ ಜಲಾಶಯದ ನೀರಿನ ಭಾರವೂ ಕಾರಣವಾಗಿತ್ತೇ ಎಂಬ ಪ್ರಶ್ನೆಯನ್ನು ವಿಜ್ಞಾನಿಗಳು ವರ್ಷಗಟ್ಟಲೆ ಚರ್ಚಿಸಿದರು. ನೆಲದ ನಡುಕಕ್ಕೆ ಕಾರಣವನ್ನು ಹುಡುಕುವ ಈ ವಿದ್ಯೆಗೆ ಅದೇ ಕಾಲದಲ್ಲಿ ಇನ್ನೊಂದು ಗುರುತರವಾದ ಹೊಣೆಯೂ ಬಿದ್ದಿತ್ತು. ದೂರದ ಯಾವುದೋ ಮರುಭೂಮಿಯಲ್ಲಿ ಭೂಮಿ ಕಂಪಿಸಿದರೆ, ಅದು ಭೂಕಂಪವೋ, ಮನುಷ್ಯನು ನೆಲದಡಿಯಲ್ಲಿ ಸಿಡಿಸಿದ ಅಣುಬಾಂಬೋ ಎಂಬುದನ್ನು ಹೇಳಬೇಕಾದ ಹೊಣೆ ಅದು.

ಅಣ್ವಸ್ತ್ರವನ್ನು ಜಗತ್ತಿಗೆ ಕೊಟ್ಟವನು ವಿಜ್ಞಾನಿ. ಅದರ ಅಪಾಯವನ್ನು ತಗ್ಗಿಸುವಲ್ಲಿ ಅವನ ಪಾಲೇನು ಎಂಬುದು ಈ ಬರಹದಲ್ಲಿ ನಾವು ಎತ್ತಿಕೊಂಡಿರುವ ಪ್ರಶ್ನೆ. ಅಸ್ತ್ರವನ್ನು ಇಟ್ಟುಕೊಳ್ಳುವುದು, ಬಿಡುವುದು ಅರಸರ ಕೈಯಲ್ಲಿದೆ. ವಿಜ್ಞಾನಿಯ ಕೈಯಲ್ಲಿ ಉಳಿದಿರುವುದು ಏನು?

ನಮ್ಮ ಜನ ಬಾಲ್ಯದಿಂದ ಕೇಳಿದ ಮಹಾಭಾರತದಲ್ಲಿಯೇ ಈ ಪ್ರಶ್ನೆಗೆ ಒಂದು ಹೋಲಿಕೆ ಇದೆ. ಹಸ್ತಿನಾವತಿಯ ಒಂದೇ ಅರಮನೆಯ ಅನ್ನ ಉಂಡವರು ಹಲವರು. ಭೀಷ್ಮ, ದ್ರೋಣರು ಅಧರ್ಮವೆಂದು ತಿಳಿದೂ ಅನ್ನದ ಋಣಕ್ಕೆ ಕಟ್ಟುಬಿದ್ದು ಬಿಲ್ಲು ಹಿಡಿದರು. ವಿದುರನು ಬಿಲ್ಲು ಮುರಿದು ಯುದ್ಧದಿಂದ ಹೊರಗುಳಿದ ಕಥೆ ಕನ್ನಡಿಗರಿಗೆ ಗೊತ್ತು. ಮೂರನೆಯವನು ಸಂಜಯ. ಅವನು ಅರಮನೆಯಲ್ಲಿಯೇ ಉಳಿದನು, ಬಿಲ್ಲನ್ನು ಹಿಡಿಯಲಿಲ್ಲ. ದೂರದ ರಣರಂಗದಲ್ಲಿ ನಡೆದುದನ್ನು ನಡೆದಂತೆಯೇ ಕುರುಡು ದೊರೆಗೆ ಹೇಳಿದನು. ಅಣುಯುಗದ ವಿಜ್ಞಾನಿಯ ಮುಂದೆಯೂ ಈ ಮೂರು ದಾರಿಗಳಿವೆ.

ಮೊದಲನೆಯ ದಾರಿಯನ್ನು ಹಿಡಿದವರು ಬಹುಮಂದಿ. ಅವರ ಹೆಸರುಗಳು ಇತಿಹಾಸದಲ್ಲಿವೆ. ಎರಡನೆಯ ದಾರಿಯನ್ನು ಹಿಡಿದವರು ವಿರಳ. ಪೋಲೆಂಡಿನ ಜೋಸೆಫ್ ರಾಟ್‌ಬ್ಲಾಟ್ ಅವರಲ್ಲಿ ಒಬ್ಬರು. ಹಿಟ್ಲರನ ಜರ್ಮನಿ ಬಾಂಬನ್ನು ಮೊದಲು ಮಾಡೀತೆಂಬ ಭಯದಿಂದ ಅವರು ಅಮೆರಿಕದ ಬಾಂಬ್ ಯೋಜನೆಗೆ ಸೇರಿದರು. ಜರ್ಮನಿಯಲ್ಲಿ ಅಂಥ ಯತ್ನ ನಡೆದಿಲ್ಲವೆಂದು 1944ರ ಕೊನೆಯಲ್ಲಿ ತಿಳಿದಾಗ, ತಾವು ಬಂದ ಕಾರಣವೇ ಮುಗಿಯಿತೆಂದು ಕೆಲಸ ಬಿಟ್ಟು ಹೊರಟರು. ಅನಂತರ ರಸೆಲ್ ಮತ್ತು ಐನ್‌ಸ್ಟೈನರ 1955ರ ಹೇಳಿಕೆಗೆ ಸಹಿ ಹಾಕಿ, 1957ರಲ್ಲಿ ಕೆನಡಾದ ಪಗ್‌ವಾಶ್ ಎಂಬ ಹಳ್ಳಿಯಲ್ಲಿ ಎರಡೂ ಬಣಗಳ ವಿಜ್ಞಾನಿಗಳನ್ನು ಒಂದೇ ಮೇಜಿನ ಸುತ್ತ ಕೂರಿಸಲು ಶ್ರಮಿಸಿದರು. ಆ ಸಭೆ ಮೊದಲು ದೆಹಲಿಯಲ್ಲಿ ಸೇರಬೇಕಾಗಿತ್ತು. ನೆಹರೂ ಅವರು ಆಹ್ವಾನವಿತ್ತಿದ್ದರು. ಸೂಯೆಜ್ ಬಿಕ್ಕಟ್ಟಿನಿಂದ ಅದು ತಪ್ಪಿಹೋಯಿತು. 1995ರಲ್ಲಿ ರಾಟ್‌ಬ್ಲಾಟ್‌ರಿಗೂ ಪಗ್‌ವಾಶ್ ಸಂಘಟನೆಗೂ ಶಾಂತಿಯ ನೊಬೆಲ್ ಬಂದಿತು.

ಆದರೆ ಒಂದು ಮಾತನ್ನು ಒಪ್ಪಬೇಕು. ರಾಟ್‌ಬ್ಲಾಟ್ ಹೊರಟುಹೋದ ಮೇಲೆಯೂ ಬಾಂಬು ತಯಾರಾಯಿತು, ಹಿರೋಶಿಮಾ ಸುಟ್ಟಿತು. 1945ರ ಕೊನೆಯ ಹೊತ್ತಿಗೆ ಆ ಒಂದು ನಗರದಲ್ಲಿ ಸತ್ತವರು ಸುಮಾರು 1,40,000. ಕೊಯನೆಯಲ್ಲಿ ನೊಂದವರಿಗೆ ನೆರೆಯ ಊರುಗಳ ವೈದ್ಯರಿದ್ದರು. ಹಿರೋಶಿಮಾದಲ್ಲಿ ವೈದ್ಯರು, ದಾದಿಯರಲ್ಲಿಯೇ ಬಹುಪಾಲು ಮಂದಿ ಸತ್ತಿದ್ದರು ಇಲ್ಲವೇ ಗಾಯಗೊಂಡಿದ್ದರು. ಒಬ್ಬ ವಿದುರನ ಹೊರನಡೆ ಅವನ ಆತ್ಮಸಾಕ್ಷಿಯನ್ನು ಕಾಯುತ್ತದೆ, ಯುದ್ಧವನ್ನು ನಿಲ್ಲಿಸುವುದಿಲ್ಲ. ಆದುದರಿಂದ ಮೂರನೆಯ ದಾರಿಯ ಕಡೆಗೆ, ಎಂದರೆ ಸಂಜಯನ ದಾರಿಯ ಕಡೆಗೆ, ನಾವು ಹೆಚ್ಚು ಗಮನ ಕೊಡಬೇಕಾಗಿದೆ.

ಈ ದಾರಿಯ ಮೊದಲ ಹೆಜ್ಜೆ ಅಳೆದು ಹೇಳುವುದು. 1954ರ ಮಾರ್ಚ್ 1ರಂದು ಶಾಂತಸಾಗರದ ಬಿಕಿನಿಯಲ್ಲಿ ಅಮೆರಿಕ ಸಿಡಿಸಿದ ಹೈಡ್ರೋಜನ್ ಬಾಂಬಿನ ಬೂದಿ ದೂರದಲ್ಲಿದ್ದ ಜಪಾನಿ ಮೀನುಗಾರರ ಮೇಲೆ ಸುರಿಯಿತು. ಒಂದು ತಿಂಗಳಲ್ಲಿ, ಏಪ್ರಿಲ್ 2ರಂದು, ನೆಹರೂ ಅವರು ಲೋಕಸಭೆಯಲ್ಲಿ ಇಂಥ ಪರೀಕ್ಷೆಗಳನ್ನು ತಡೆಹಿಡಿಯಬೇಕೆಂದು ಕೇಳಿದರು. ಕೇಳಿದುದಷ್ಟೇ ಸಾಲದೆಂದು, ಈ ಸ್ಫೋಟಗಳ ಪರಿಣಾಮವೇನೆಂಬುದನ್ನು ಅಧ್ಯಯನ ಮಾಡಿಸಿದರು. ಆಗ ರಕ್ಷಣಾ ಸಚಿವಾಲಯದ ವೈಜ್ಞಾನಿಕ ಸಲಹೆಗಾರರಾಗಿದ್ದ ಡಿ. ಎಸ್. ಕೊಠಾರಿ ಅವರ ನೇತೃತ್ವದಲ್ಲಿ ಅಣುಸ್ಫೋಟಗಳ ಪರಿಣಾಮಗಳನ್ನು ಕುರಿತ ಪುಸ್ತಕ 1956ರಲ್ಲಿ ಹೊರಬಂದಿತು. ಸೈನ್ಯದ ಕೆಲಸಕ್ಕೆಂದು ನೇಮಕವಾದ ವಿಜ್ಞಾನಿಯೊಬ್ಬರು ಸಾಮಾನ್ಯ ಪ್ರಜೆಯೂ ಓದಬಹುದಾದ ಪುಸ್ತಕದಲ್ಲಿ ಅಸ್ತ್ರದ ಭೀಕರತೆಯನ್ನು ಲೆಕ್ಕಹಾಕಿ ತೋರಿಸಿದರು. ಅದೇ ದಶಕದ ಕೊನೆಯಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ವೈದ್ಯರು, ವಿಜ್ಞಾನಿಗಳು, ತಾಯಂದಿರು ಸೇರಿ ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸತೊಡಗಿದರು. ಆಕಾಶದಲ್ಲಿ ಸಿಡಿದ ಬಾಂಬಿನ ಸ್ಟ್ರಾಂಶಿಯಂ-90 ಹುಲ್ಲಿಗೆ ಇಳಿದು, ಹಸುವಿನ ಹಾಲಿಗೆ ಸೇರಿ, ಸುಣ್ಣದ ಅಂಶದ ಜಾಗದಲ್ಲಿ ಮಗುವಿನ ಮೂಳೆ, ಹಲ್ಲುಗಳಲ್ಲಿ ನೆಲೆಸುತ್ತದೆ. ಪರೀಕ್ಷೆಗಳು ಹೆಚ್ಚಿದಂತೆ ಹಲ್ಲಿನಲ್ಲಿ ಈ ವಿಷವೂ ಹೆಚ್ಚಿದುದನ್ನು ಅವರು ಅಂಕಿಗಳಲ್ಲಿ ತೋರಿಸಿದರು. ರಾಜನೀತಿಯ ಭಾಷಣಗಳಿಗೆ ಜಗ್ಗದವರೂ ಮಗುವಿನ ಹಲ್ಲಿನ ಸಾಕ್ಷಿಗೆ ಉತ್ತರ ಕೊಡಬೇಕಾಯಿತು. ಗಾಳಿ, ನೀರು, ಅಂತರಿಕ್ಷಗಳಲ್ಲಿ ಅಣುಪರೀಕ್ಷೆಯನ್ನು ನಿಷೇಧಿಸಿದ 1963ರ ಒಪ್ಪಂದದ ಹಿಂದೆ ಇಂಥ ಸಾಕ್ಷಿಗಳ ಬಲವೂ ಇತ್ತು.

ಆ ಒಪ್ಪಂದದಲ್ಲಿ ಒಂದು ಬಾಗಿಲು ಮಾತ್ರ ತೆರೆದೇ ಉಳಿಯಿತು. ನೆಲದಡಿಯ ಪರೀಕ್ಷೆ ನಿಷೇಧಕ್ಕೆ ಒಳಪಡಲಿಲ್ಲ. ಕಾರಣ, ಅಪನಂಬಿಕೆ. ಎದುರಾಳಿ ಕದ್ದು ಸಿಡಿಸಿ ಭೂಕಂಪವೆಂದು ಹೇಳಿದರೆ ಏನು ಮಾಡುವುದು? ಸ್ಥಳಕ್ಕೆ ಹೋಗಿ ನೋಡುವ ಅವಕಾಶ ಬೇಕೆಂದು ಅಮೆರಿಕ ಹಠ ಹಿಡಿಯಿತು; ಅದು ಬೇಹುಗಾರಿಕೆ ಎಂದು ಸೋವಿಯತ್ ದೇಶ ಸಂಶಯಪಟ್ಟಿತು. ಕೊನೆಕೊನೆಗೆ ವರ್ಷಕ್ಕೆ ಏಳು ಸಲ ನೋಡಬೇಕೆಂದು ಒಬ್ಬರು, ಮೂರು ಸಲ ಸಾಕೆಂದು ಇನ್ನೊಬ್ಬರು ಹೇಳುವಲ್ಲಿಗೆ ಚೌಕಾಶಿ ನಿಂತಿತು. ಮೂರಕ್ಕೂ ಏಳಕ್ಕೂ ನಡುವಣ ಆ ಕಂದರವನ್ನು ರಾಜನೀತಿಜ್ಞರು ದಾಟಲಾರದೆ ಹೋದರು. ದೂರದಿಂದಲೇ ಕೇಳಿ ನಿಶ್ಚಯವಾಗಿ ಹೇಳಬಲ್ಲ ಕಿವಿಗಳಿದ್ದರೆ ಆ ಚೌಕಾಶಿಯ ಅಗತ್ಯವೇ ಇರುತ್ತಿರಲಿಲ್ಲ. ಅಂಥ ಕಿವಿಗಳನ್ನು ಕಟ್ಟುವ ಯೋಚನೆ 1958ರಲ್ಲಿಯೇ ಜಿನೀವಾದಲ್ಲಿ ಎರಡೂ ಬಣಗಳ ತಜ್ಞರು ಕೂಡಿ ಕುಳಿತಾಗ ಮೊಳೆತಿತ್ತು. ಅದರ ಫಲವಾಗಿ ಬ್ರಿಟನ್ನಿನ ಅಣುಶಕ್ತಿ ಸಂಸ್ಥೆ ಆಯಾ ದೇಶಗಳ ಸಹಯೋಗದಿಂದ ಸ್ಕಾಟ್‌ಲೆಂಡ್, ಕೆನಡಾ, ಆಸ್ಟ್ರೇಲಿಯಗಳಲ್ಲಿ ಕಂಪನಮಾಪಕಗಳ ಸಾಲುಗಳನ್ನು ನೆಟ್ಟಿತು. ಅದೇ ಬಳಗದ ಇನ್ನೊಂದು ಸಾಲು 1965ರಲ್ಲಿ ಕನ್ನಡ ನೆಲದಲ್ಲಿ, ಬೆಂಗಳೂರಿನ ಉತ್ತರಕ್ಕಿರುವ ಗೌರಿಬಿದನೂರಿನಲ್ಲಿ ನೆಲೆಯೂರಿತು. ನಮ್ಮ ಕಡೆಯ ಸಂಸ್ಥೆ, ಇಂದು ಭಾಭಾ ಅಣುಸಂಶೋಧನ ಕೇಂದ್ರವೆಂದು ಹೆಸರಾದ ಮುಂಬಯಿಯ ತ್ರಾಂಬೆಯ ಕೇಂದ್ರ.

ಗೌರಿಬಿದನೂರೇ ಏಕೆ? ಅಲ್ಲಿಯ ತಳಗಲ್ಲು ಜಗತ್ತಿನ ಅತಿ ಪ್ರಾಚೀನ ಶಿಲೆಗಳಲ್ಲಿ ಒಂದು, ಗಟ್ಟಿಯಾದುದು, ಸದ್ದಿಲ್ಲದುದು. ಸಮುದ್ರದ ಅಲೆಯ ಹೊಡೆತ ಅಲ್ಲಿಗೆ ದೂರ. ಅಂಥ ಬಂಡೆಯಲ್ಲಿ ಸಾವಿರಾರು ಕಿಲೋಮೀಟರ್ ಆಚೆಯ ಮಿಡಿತವೂ ತಿಳಿಯುತ್ತದೆ. ಸುಮಾರು 20 ಕಂಪನಮಾಪಕಗಳನ್ನು ಒಂದರಿಂದೊಂದು ದೂರದಲ್ಲಿ, ಸಮಕೋನದಲ್ಲಿ ಕೂಡುವ ಎರಡು ಉದ್ದನೆಯ ತೋಳುಗಳಾಗಿ ನೆಟ್ಟಿದ್ದಾರೆ. ಒಂದೊಂದು ತೋಳೂ ಇಪ್ಪತ್ತು ಕಿಲೋಮೀಟರಿಗೆ ಮೀರಿದ್ದು. ಬರುವ ಅಲೆ ಯಾವ ಮಾಪಕಕ್ಕೆ ಮೊದಲು, ಯಾವುದಕ್ಕೆ ಆಮೇಲೆ ತಾಗಿತೆಂಬುದರಿಂದ ಅದು ಬಂದ ದಿಕ್ಕು ಗೊತ್ತಾಗುತ್ತದೆ. ಎಲ್ಲ ಮಾಪಕಗಳ ದಾಖಲೆಗಳನ್ನು ಕಾಲ ಹೊಂದಿಸಿ ಕೂಡಿಸಿದರೆ, ಸ್ಥಳೀಯ ಗದ್ದಲ ಒಂದಕ್ಕೊಂದು ಅಳಿಸಿಹೋಗಿ ದೂರದ ದನಿ ಮೇಲೇಳುತ್ತದೆ. ಇಚಲಕರಂಜಿಯ ಮಗ್ಗದ ಶೆಡ್ಡಿನೊಳಗೆ ಹೊಸಬನಿಗೆ ಕೇಳುವುದು ಬರೀ ಅಬ್ಬರ; ಪಳಗಿದ ನೇಕಾರನ ಕಿವಿಗೆ ಮಾತ್ರ ನಲವತ್ತು ಮಗ್ಗಗಳ ನಡುವೆ ಲಯ ತಪ್ಪಿದ ಒಂದು ಮಗ್ಗ ಯಾವುದೆಂದು ತಿಳಿಯುತ್ತದೆ. ಗೌರಿಬಿದನೂರಿನ ವಿದ್ಯೆಯೂ ಅಂಥದೇ.

ಭೂಕಂಪಕ್ಕೂ ಸ್ಫೋಟಕ್ಕೂ ಇರುವ ಭೇದವನ್ನು ಆ ಕಿವಿ ಹೇಗೆ ಗುರುತಿಸುತ್ತದೆ? ಭೂಕಂಪದಲ್ಲಿ ಬಂಡೆಯ ಎರಡು ಹೋಳುಗಳು ಒಂದರ ಪಕ್ಕಕ್ಕೆ ಒಂದು ಜಾರುತ್ತವೆ. ಆದುದರಿಂದ ಕೆಲವು ದಿಕ್ಕಿಗೆ ಮೊದಲ ಅಲೆ ತಳ್ಳುತ್ತದೆ, ಕೆಲವು ದಿಕ್ಕಿಗೆ ಎಳೆಯುತ್ತದೆ. ಹಿಂದೆಯೇ ನೆಲದ ಮೇಲ್ಮೈಯಲ್ಲಿ ಸಾಗುವ ದೊಡ್ಡ ಅಲೆಗಳು ಬರುತ್ತವೆ. ಸ್ಫೋಟವಾದರೆ ಎಲ್ಲ ದಿಕ್ಕಿಗೂ ಒಮ್ಮೆಗೇ ತಳ್ಳುತ್ತದೆ. ಮೇಲ್ಮೈಯ ಅಲೆಗಳು ಅದರಲ್ಲಿ ಕ್ಷೀಣ. ಭೂಕಂಪ ಹತ್ತಾರು ಕಿಲೋಮೀಟರ್ ಆಳದಲ್ಲಿ ಹುಟ್ಟಬಹುದು; ಬಾಂಬನ್ನು ಅಷ್ಟು ಆಳಕ್ಕೆ ಹೂಳಲು ಮನುಷ್ಯನಿಂದ ಆಗದು. ಗಟ್ಟಿ ಬಂಡೆಯಲ್ಲಿ ಸಿಡಿದ ಒಂದು ಕಿಲೋಟನ್ ಬಾಂಬು ಸುಮಾರು 4ರ ಪ್ರಮಾಣದ ಭೂಕಂಪಕ್ಕೆ ಸಮನಾದ ಕಂಪನವನ್ನು ಎಬ್ಬಿಸುತ್ತದೆ. ಈ ಜ್ಞಾನ ಬಲಿತುದರಿಂದಲೇ ಎಲ್ಲ ಬಗೆಯ ಪರೀಕ್ಷೆಯನ್ನೂ ನಿಷೇಧಿಸುವ ಸಮಗ್ರ ಒಪ್ಪಂದ 1996ರಲ್ಲಿ ರೂಪ ತಾಳಲು ಸಾಧ್ಯವಾಯಿತು. ಅದಕ್ಕಾಗಿ ಜಗತ್ತಿನ ಉದ್ದಗಲಕ್ಕೆ 321 ಕೇಂದ್ರಗಳ ಜಾಲವನ್ನು ಯೋಜಿಸಲಾಯಿತು. ಉತ್ತರ ಕೊರಿಯ 2006ರಲ್ಲಿ ಸಿಡಿಸಿದ ಚಿಕ್ಕ ಬಾಂಬೂ ಆ ಜಾಲದ ಕಿವಿಗೆ ಬಿದ್ದಿತು. ಒಪ್ಪಂದ ಇನ್ನೂ ಜಾರಿಗೆ ಬಂದಿಲ್ಲ. ಭಾರತ ಅದಕ್ಕೆ ಸಹಿ ಹಾಕಿಲ್ಲ. ಆದರೂ ಕದ್ದು ಸಿಡಿಸಿ ದಕ್ಕಿಸಿಕೊಳ್ಳುವುದು ಇಂದು ಮೊದಲಿನಷ್ಟು ಸುಲಭವಲ್ಲ. ಇದನ್ನು ಸಾಧಿಸಿದವರು ಅಲೆಗಳ ರೇಖೆಗಳನ್ನು ಹಗಲಿರುಳು ಓದಿದ, ಹೆಸರು ಬಾರದ ಸಾವಿರಾರು ವಿಜ್ಞಾನಿಗಳು.

ಇಷ್ಟರಲ್ಲಿಯೇ ನಿಲ್ಲಿಸಿದರೆ ನಮ್ಮ ಕಥೆ ಸುಖಾಂತವಾದೀತು. ಆದರೆ ನಿಜವಾದ ನೈತಿಕ ಪ್ರಶ್ನೆ ಇಲ್ಲಿಂದ ಮುಂದಿದೆ. ಗೌರಿಬಿದನೂರಿನ ಕಿವಿಯನ್ನು ಕಾಯುತ್ತಿದ್ದ ಸಂಸ್ಥೆಯೇ 1974ರ ಮೇ 18ರಂದು ಪೋಖರಣದಲ್ಲಿ ನಮ್ಮ ದೇಶದ ಮೊದಲ ಅಣುಸ್ಫೋಟವನ್ನೂ ನಡೆಸಿತು. ಆಗ ಅದರ ನಿರ್ದೇಶಕರಾಗಿದ್ದವರು ಕನ್ನಡಿಗರಾದ ಡಾ. ರಾಜಾ ರಾಮಣ್ಣ. ತುಮಕೂರು ಸೀಮೆಯಲ್ಲಿ 1925ರಲ್ಲಿ ಹುಟ್ಟಿದ ಅವರು ಭೌತವಿಜ್ಞಾನಿ. ಪಿಯಾನೋ ನುಡಿಸುತ್ತಿದ್ದ ಸಂಗೀತಪ್ರೇಮಿ. ಅವರ ಹೆಸರು ಕೇಳಿದರೆ ಕನ್ನಡಿಗರೆಲ್ಲ ಅಭಿಮಾನಪಡುತ್ತೇವೆ, ಪಡಬೇಕಾದದ್ದೇ. ಪೋಖರಣದ ಸ್ಫೋಟಕ್ಕೆ ಸರಕಾರ ಶಾಂತಿಯುತ ಅಣುಸ್ಫೋಟವೆಂದು ಹೆಸರಿಟ್ಟಿತು. ಅದು ಬಾಂಬೇ ಆಗಿತ್ತೆಂದು, ಆ ಪರೀಕ್ಷೆ ಅಷ್ಟೇನೂ ಶಾಂತಿಯುತವಾಗಿರಲಿಲ್ಲವೆಂದು ರಾಮಣ್ಣನವರು 1997ರಲ್ಲಿ ಬಹಿರಂಗವಾಗಿ ಹೇಳಿದರು. ಬಂದೂಕನ್ನು ನೆಲಕ್ಕೆ ಹೊಡೆದರೂ, ಮನುಷ್ಯನ ಮೇಲೆ ಹೊಡೆದರೂ ಬಂದೂಕು ಬಂದೂಕೇ ಎಂಬುದು ಅವರ ಮಾತಿನ ತಾತ್ಪರ್ಯ. ಸ್ಫೋಟದ ದಿನಕ್ಕೂ ಆ ಮಾತಿಗೂ ನಡುವೆ 23 ವರ್ಷ. ಆ ಮಾತನ್ನು ಆಡಿದುದಕ್ಕೆ ನಾವು ಅವರನ್ನು ಗೌರವಿಸುತ್ತೇವೆ. ಆದರೆ ಗೌರಿಬಿದನೂರಿನ ಸೂಜಿಗೆ ಶಾಂತಿಯ ಸ್ಫೋಟ, ಯುದ್ಧದ ಸ್ಫೋಟ ಎಂಬ ಭೇದ ಗೊತ್ತಿಲ್ಲ. ಆ ಸೂಜಿಗಿರುವ ನೇರವಂತಿಕೆ ಮನುಷ್ಯನ ನಾಲಗೆಗೆ ಬರಲು ಏಕೆ ಅಷ್ಟು ಕಾಲ ಹಿಡಿಯುತ್ತದೆ ಎಂಬುದನ್ನು ಯೋಚಿಸದೆ ಇರಲಾಗದು.

1998ರ ಮೇ ತಿಂಗಳಲ್ಲಿ ಈ ಪ್ರಶ್ನೆ ಮತ್ತೆ ಬಂದಿತು. 11 ಮತ್ತು 13ರಂದು ಭಾರತ, 28 ಮತ್ತು 30ರಂದು ಪಾಕಿಸ್ತಾನ ಪರೀಕ್ಷೆ ನಡೆಸಿದವು. 11ರ ಸ್ಫೋಟಗಳ ಒಟ್ಟು ಬಲ ಸುಮಾರು 58 ಕಿಲೋಟನ್ ಎಂದು ನಮ್ಮ ಅಣುವಿಜ್ಞಾನಿಗಳು ಹೇಳಿದರು. ಅಲೆಗಳನ್ನು ಅಳೆದ ಹೊರದೇಶದ ಹಲವು ತಜ್ಞರು ಅದು ಬಹಳ ಕಡಿಮೆ ಎಂದರು. 2009ರಲ್ಲಿ ಆ ಪರೀಕ್ಷೆಯಲ್ಲಿ ಸ್ವತಃ ಭಾಗಿಯಾಗಿದ್ದ ರಕ್ಷಣಾ ವಿಜ್ಞಾನಿ ಕೆ. ಸಂತಾನಂ, ಹೈಡ್ರೋಜನ್ ಬಾಂಬು ನಿರೀಕ್ಷಿಸಿದಷ್ಟು ಬಲ ತೋರಲಿಲ್ಲವೆಂದು ಹೇಳಿದಾಗ ವಾದ ಮತ್ತೆ ಎದ್ದಿತು. ಸರಕಾರದ ವಿಜ್ಞಾನಿಗಳು ಅದನ್ನು ಅಲ್ಲಗಳೆದರು. ಯಾರು ಸರಿ ಎಂದು ತೀರ್ಪು ಕೊಡುವ ಅರ್ಹತೆ ನಮಗಿಲ್ಲ. ನಮಗೆ ಕಾಣುವುದು ಇಷ್ಟು: ನೆರೆಯವನ ಸ್ಫೋಟವನ್ನು ಅಳೆಯುವ ಕೋಲಿನಿಂದಲೇ ತನ್ನ ಮನೆಯ ಸ್ಫೋಟವನ್ನೂ ಅಳೆಯಲು ಸಿದ್ಧನಿರುವವನು ಮಾತ್ರ ಸಾಕ್ಷಿಯಾಗಬಲ್ಲನು. ತನ್ನ ಬಲವನ್ನು ಇದ್ದುದಕ್ಕಿಂತ ಹೆಚ್ಚೆಂದು ನಂಬುವ ದೊರೆ ನೆರೆಯವನ ಬೆದರಿಕೆಯಷ್ಟೇ ಅಪಾಯಕಾರಿ. ಸಾಕ್ಷಿಗೆ ಇನ್ನೊಂದು ನಿಯಮವೂ ಇದೆ. ಮೇ 13ರ ಎರಡು ಸಣ್ಣ ಸ್ಫೋಟಗಳು, ಆಗಿನ್ನೂ ಪ್ರಾಯೋಗಿಕವಾಗಿ ಕೆಲಸ ಮಾಡುತ್ತಿದ್ದ ಅಂತರರಾಷ್ಟ್ರೀಯ ಜಾಲಕ್ಕೆ ಕೇಳಿಸಲಿಲ್ಲ. ಕೇಳಿಸದುದನ್ನು ಕೇಳಿಸಲಿಲ್ಲವೆಂದು ಒಪ್ಪಿಕೊಳ್ಳುವ ಧೈರ್ಯವೂ ಸಾಕ್ಷಿಧರ್ಮದ ಭಾಗ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಅದನ್ನು ಹಗುರವಾಗಿ ತಳ್ಳಿಹಾಕಬಾರದು. 1962ರ ಯುದ್ಧದ ಗಾಯ ಹಸಿಯಾಗಿರುವಾಗಲೇ, 1964ರ ಅಕ್ಟೋಬರ್ 16ರಂದು ಚೀನ ಬಾಂಬು ಸಿಡಿಸಿತು. ಗಡಿಯಾಚೆ ಅಸ್ತ್ರವಿರುವಾಗ ನಮ್ಮ ವಿಜ್ಞಾನಿ ಬರಿಗೈಯಲ್ಲಿ ಕೂರಬೇಕೇ? ನಮ್ಮ ಸೀಮೆಯ ಎಷ್ಟೋ ಮನೆಗಳ ಮಕ್ಕಳು ಸೈನ್ಯದಲ್ಲಿದ್ದಾರೆ. ಅವರ ತಂದೆತಾಯಂದಿರಿಗೆ ಈ ಪ್ರಶ್ನೆ ಪುಸ್ತಕದ್ದಲ್ಲ. ದೇಶವನ್ನು ಕಾಯುವೆನೆಂದು ಪ್ರಾಮಾಣಿಕವಾಗಿ ನಂಬಿ ಅಸ್ತ್ರ ಮಾಡಿದವನನ್ನು ಪಾಪಿ ಎನ್ನಲು ನಾವು ಸಿದ್ಧರಿಲ್ಲ. ಆದರೆ ಅವನೂ ಕೂಡ ಆ ಅಸ್ತ್ರವೇನು, ಅದು ಸಿಡಿದರೆ ಒಂದು ನಗರಕ್ಕೆ ಏನಾಗುತ್ತದೆ, ಅದು ಏನನ್ನು ಕಾಯಲಾರದು ಎಂಬುದನ್ನು ಜನರಿಗೆ ಹೇಳುವ ಋಣದಿಂದ ಮುಕ್ತನಲ್ಲ. ಅನ್ನದ ಋಣವೆಂದರೆ ಬಾಯಿ ಕಟ್ಟಿಕೊಳ್ಳುವುದೆಂದು ಭೀಷ್ಮನು ತಿಳಿದನು. ಅದೇ ಅನ್ನ ಉಂಡ ಸಂಜಯನು, ತಪ್ಪು ನಿನ್ನದೇ ಎಂದು ದೊರೆಯ ಮುಖಕ್ಕೆ ಹೇಳಿದನು. ಅವನನ್ನು ಯಾರೂ ದ್ರೋಹಿ ಎನ್ನಲಿಲ್ಲ. ಸತ್ಯವನ್ನು ಹೇಳಿದ್ದರಿಂದ ನಡೆದು ಬಂದ ಒಂದು ಒಪ್ಪಂದ ನಮ್ಮ ಉಪಖಂಡದಲ್ಲಿಯೂ ಇದೆ. ಒಬ್ಬರ ಅಣುಸ್ಥಾವರಗಳ ಮೇಲೆ ಇನ್ನೊಬ್ಬರು ದಾಳಿ ಮಾಡಬಾರದೆಂದು 1988ರಲ್ಲಿ ಭಾರತ, ಪಾಕಿಸ್ತಾನಗಳು ಒಪ್ಪಿಕೊಂಡವು. 1992ರಿಂದ ಪ್ರತಿ ಜನವರಿ 1ರಂದು, ಜಗಳದ ವರ್ಷಗಳಲ್ಲಿಯೂ, ತಮ್ಮ ಸ್ಥಾವರಗಳ ಪಟ್ಟಿಯನ್ನು ಪರಸ್ಪರ ಕೊಟ್ಟುಕೊಳ್ಳುತ್ತ ಬಂದಿವೆ.

ಬೇರೊಂದು ಬಗೆಯ ಸಾಕ್ಷಿಯೂ ಕನ್ನಡ ನಾಡಿನಲ್ಲಿ ಇದ್ದಿತು. ಪೋಖರಣದಲ್ಲಿ ನೆಲ ನಡುಗಿದ ಅದೇ 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರು ಹಳ್ಳಿಗಳಿಗಾಗಿ ವಿಜ್ಞಾನವನ್ನು ದುಡಿಸುವ ಕೇಂದ್ರವೊಂದನ್ನು ಕಟ್ಟಿದರು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ಬರುವ ಪದ ಅಸ್ತ್ರ! ಕಡಿಮೆ ಕಟ್ಟಿಗೆ, ಕಡಿಮೆ ಹೊಗೆಯ ಅಸ್ತ್ರ ಒಲೆ ಆ ಕೇಂದ್ರದಿಂದಲೇ ಕರ್ನಾಟಕದ ಅಡುಗೆಮನೆಗಳಿಗೆ ಬಂದಿತು. 1998ರ ಪರೀಕ್ಷೆಗಳ ಬಳಿಕ ಊರೆಲ್ಲ ಸಿಹಿ ಹಂಚುತ್ತಿದ್ದಾಗ, ಅಣ್ವಸ್ತ್ರ ಅನೈತಿಕವೆಂದು ಅಮೂಲ್ಯ ರೆಡ್ಡಿ ಬಹಿರಂಗವಾಗಿ ಹೇಳಿದರು. ರಾಮಣ್ಣನವರೂ ರೆಡ್ಡಿಯವರೂ ಇಬ್ಬರೂ ನಮ್ಮವರೇ. ಒಬ್ಬರನ್ನು ಒಪ್ಪಲು ಇನ್ನೊಬ್ಬರನ್ನು ಮರೆಯಬೇಕಾಗಿಲ್ಲ. ಆದರೆ ಒಬ್ಬರ ಹೆಸರನ್ನಷ್ಟೇ ಮಕ್ಕಳಿಗೆ ಕಲಿಸಿದರೆ ಅದು ಅರ್ಧ ಪಾಠ.

ಸಾಕ್ಷಿ ಯಾವ ಭಾಷೆಯಲ್ಲಿ ನುಡಿಯಬೇಕು ಎಂಬುದೂ ಸಾಹಿತ್ಯ ಸಮ್ಮೇಳನವೊಂದರಲ್ಲಿ ಕೇಳಬೇಕಾದ ಪ್ರಶ್ನೆ. ನಮ್ಮ ಕೊಲ್ಹಾಪುರದಲ್ಲಿಯೇ 1938ರಲ್ಲಿ ಹುಟ್ಟಿದ ಜಯಂತ ನಾರಳೀಕರರು ವಿಶ್ವವಿಜ್ಞಾನದಲ್ಲಿ ಜಗತ್ತಿನ ಮನ್ನಣೆ ಪಡೆದರೂ ಮರಾಠಿಯಲ್ಲಿ ಜನರಿಗಾಗಿ ಬರೆಯುವುದನ್ನು ಬಿಡಲಿಲ್ಲ. ಕನ್ನಡದಲ್ಲಿ ಶಿವರಾಮ ಕಾರಂತರು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಒಬ್ಬರೇ ಹೊತ್ತರು. ಗೌರಿಬಿದನೂರಿನ ಮಾಪಕಗಳು ನಿಂತಿರುವುದು ಕನ್ನಡ ನೆಲದಲ್ಲಿ. ಅವು ಕೇಳಿದ್ದರ ಕಥೆ ಮಾತ್ರ ಬಹುಮಟ್ಟಿಗೆ ಇಂಗ್ಲಿಷ್ ಪತ್ರಿಕೆಗಳಲ್ಲಿದೆ. ಜನರಿಗೆ ತಿಳಿಯದ ಭಾಷೆಯಲ್ಲಿ ನುಡಿದ ಸಾಕ್ಷಿ ದೊರೆಯ ಕಿವಿಯಲ್ಲಿಯೇ ಉಳಿಯುತ್ತದೆ.

ಉಳಿದರೆ ಏನಾಗುತ್ತದೆ ಎಂಬುದನ್ನೂ ಮಹಾಭಾರತವೇ ಹೇಳಿದೆ. ಯುದ್ಧವನ್ನು ಕಾಣಲು ಕಣ್ಣು ಕೊಡುವೆನೆಂದು ವ್ಯಾಸರು ಹೇಳಿದಾಗ, ಬಂಧುಗಳ ವಧೆಯನ್ನು ನೋಡಲಾರೆ, ಕೇಳಿದರೆ ಸಾಕು ಎಂದನು ಧೃತರಾಷ್ಟ್ರ. ಸಂಜಯನು ಹೇಳಿದನು, ದೊರೆ ಕೇಳಿದನು, ಅತ್ತನು, ಸುಮ್ಮನಾದನು. ಸಂಜಯನು ಸೋತದ್ದು ಮಾತಿನಲ್ಲಿ ಅಲ್ಲ, ಕೇಳುವವನಲ್ಲಿ. ಇಂದು ಪ್ರಜೆಯೇ ದೊರೆ. ವಿಜ್ಞಾನಿ ನೆಲಕ್ಕೆ ಕಿವಿಗೊಟ್ಟು ಕೇಳಿದ್ದನ್ನು ತಂದು ಇಡುವುದು ನಮ್ಮ ಮುಂದೆಯೇ. ಪರೀಕ್ಷೆಯ ದಿನ ಪೇಢೆ ಹಂಚಿ, ಆಮೇಲೆ ಒಂದು ಪ್ರಶ್ನೆಯನ್ನೂ ಕೇಳದ ನಾವು ಧೃತರಾಷ್ಟ್ರನಿಗಿಂತ ಎಷ್ಟು ಬೇರೆ?

ನಮ್ಮ ಸಂಘದ ಮನೆಗಳ ಮಕ್ಕಳು ಇಂದು ಕೊಲ್ಹಾಪುರ, ಸಾಂಗಲಿ, ಬೆಳಗಾವಿ, ಬೆಂಗಳೂರುಗಳಲ್ಲಿ ವಿಜ್ಞಾನ, ಎಂಜಿನಿಯರಿಂಗ್ ಓದುತ್ತಿದ್ದಾರೆ. ಅವರಲ್ಲಿ ಯಾರೋ ಒಬ್ಬರು ನಾಳೆ ಅಸ್ತ್ರ ಮಾಡುವ ಮೇಜಿಗೋ, ಅಲೆ ಓದುವ ಮೇಜಿಗೋ ಹೋಗಿ ಕುಳಿತಾರು. ರಜೆಗೆ ಮನೆಗೆ ಬಂದಾಗ ಸಂಬಳವೆಷ್ಟು ಎಂದು ಕೇಳುವ ನಾವು, ನೀನು ಕಂಡದ್ದನ್ನು ಕಂಡಂತೆ ಹೇಳಲು ಅಲ್ಲಿ ಬಿಡುತ್ತಾರೆಯೇ ಎಂದೂ ಒಮ್ಮೆ ಕೇಳೋಣ. ಅವರು ಉತ್ತರ ಹೇಳತೊಡಗಿದರೆ, ಎದ್ದುಹೋಗದೆ ಕುಳಿತು ಕೇಳೋಣ.